ಒಂದೂಕಾಲನೇ ಪುಟ

ಹಕ್ಕಿಚಿತ್ರಗಳ ಪುಟ್ಟ ಆ್ಯಪ್ ಕಟ್ಟುತ್ತಿದ್ದೇನೆ, ಫ್ಲಟರ್ ಎಂಬ ಆ್ಯಪ್ ಕಟ್ಟುವ ಸಲಕರಣೆಯಲ್ಲಿ. ಪೇಜ್‌ವ್ಯೂ ಹಾಕಿದರೆ ಪರದೆ ತುಂಬ ಒಂದೊಂದೇ ಹಕ್ಕಿ, ಬೆರಳಿನಿಂದ ಸರಿಸಿದರೆ ಮುಂದಿನದು. ಅದರ ಕಂಟ್ರೋಲರ್‌ನಲ್ಲಿ ವ್ಯೂಪೋರ್ಟ್‌ಫ್ರ್ಯಾಕ್ಷನ್ ಅಂತ ಒಂದಿದೆ, ಪರದೆಯ ಅಗಲದಲ್ಲಿ ಒಂದು ಪುಟಕ್ಕೆ ಎಷ್ಟು ಪಾಲು ಎನ್ನುವ ಸಂಖ್ಯೆ. ಅದನ್ನು 1ರಿಂದ 0.8ಕ್ಕೆ ಇಳಿಸಿದೆ ನೋಡಿ, ಅಬ್ಬಾ! 400 ಪಿಕ್ಸೆಲ್ ಅಗಲದಲ್ಲಿ ನಡುವಿನ ಪುಟಕ್ಕೆ 320, ಎಡಬಲಕ್ಕೆ ನಲವತ್ತು ನಲವತ್ತು. ನಡುವೆ ಬಣ್ಣದ ಕೊಕ್ಕರೆ, ಎಡದಂಚಿನಲ್ಲಿ ಹೆಜ್ಜಾರ್ಲೆಯ ಬಾಲ, ಬಲದಂಚಿನಿಂದ ಇಣುಕುವ ಚಮಚದ ಕೊಕ್ಕು! ಬಾಣದ ಗುರುತೂ ಬೇಡ, ಸೂಚನೆಯೂ ಬೇಡ. ಆ ಕೊಕ್ಕು ಕಂಡ ಮೇಲೆ ಬೆರಳು ಸುಮ್ಮನಿರುವುದುಂಟೇ?

ಈ ನೋಟ ಹೊಸದೇನಲ್ಲ, 2009ರಲ್ಲಿ ಬಂದ ಪಾಮ್ ಪ್ರೀ ಫೋನು ತೆರೆದ ಆ್ಯಪ್‌ಗಳನ್ನು ಹೀಗೇ ಅಕ್ಕಪಕ್ಕದ ಕಾರ್ಡುಗಳಾಗಿ ತೋರಿಸುತ್ತಿತ್ತು. ಆದರೆ ನನ್ನನ್ನು ಮರುಳುಮಾಡಿದ್ದು ಒಳಗಿನ ಲೆಕ್ಕ.

ಪುಟಗಳ ಎಣಿಕೆ ಸೊನ್ನೆಯಿಂದ ಶುರು, ಹೆಜ್ಜಾರ್ಲೆಯದು 0, ಹಾಗಾಗಿ ಕೊಕ್ಕರೆಯದು 1ನೇ ಪುಟ. ಬೆರಳನ್ನು ಎಡಕ್ಕೆ 80 ಪಿಕ್ಸೆಲ್ ಸರಿಸಿ ಹಾಗೇ ಹಿಡಿದು, ಈಗ ಎಷ್ಟನೇ ಪುಟ ಎಂದು ಕಂಟ್ರೋಲರನ್ನು ಕೇಳಿದರೆ ಉತ್ತರ 1.25. ಒಂದೂಕಾಲನೇ ಪುಟ! ಪುಟಕ್ಕೂ ಕಾಲು ಮುಕ್ಕಾಲು ಇದೆಯಲ್ಲ! ಈ ಒಂದು ಸಂಖ್ಯೆ ಸಿಕ್ಕರೆ ಉಳಿದದ್ದೆಲ್ಲ ಕೈಗೆ ಬಂತು. ನಡುವಿನ ಪುಟ ಪೂರ್ಣ ಗಾತ್ರ, ಒಂದು ಪುಟದಷ್ಟು ದೂರದ್ದು 0.9 ಗಾತ್ರ ಎಂದುಕೊಳ್ಳಿ. 1.25ರಲ್ಲಿ ಕೊಕ್ಕರೆ 0.975ಕ್ಕೆ ಕುಗ್ಗಿದೆ, ಚಮಚದ ಕೊಕ್ಕಿನದು 0.925ಕ್ಕೆ ಹಿಗ್ಗಿದೆ. 1.5ರಲ್ಲಿ ಎರಡೂ 0.95, ಸರಿಸಮ! ಆನಿಮೇಷನ್ ಎಂದು ಬೇರೆ ಏನನ್ನೂ ನಾನು ಬರೆದಿಲ್ಲ, ಬೆರಳು ಎಲ್ಲಿದೆಯೋ ಅದೇ ಆನಿಮೇಷನ್. ಹಿಂದಕ್ಕೆ ಎಳೆದರೆ ಎಲ್ಲವೂ ಹಿಂದಕ್ಕೆ, ನಿಂತರೆ ಎಲ್ಲವೂ ಅಲ್ಲೇ.

ಇನ್ನು ಬೆರಳು ಬಿಟ್ಟ ಕ್ಷಣ! ಇದನ್ನು ತಿಳಿಯಲು ಫ್ಲಟರ್‌ನ ಮೂಲ ಕೋಡನ್ನೇ ತೆರೆದೆ. 1.1ರಲ್ಲಿ ಮೆಲ್ಲಗೆ ಬಿಟ್ಟರೆ ಹತ್ತಿರದ ಪೂರ್ಣಾಂಕ 1, ಕೊಕ್ಕರೆಯೇ ವಾಪಸ್. ಅದೇ 1.1ರಲ್ಲಿ ಎಡಕ್ಕೆ ಚಿಮ್ಮಿ ಬಿಟ್ಟರೆ? ಅರ್ಧ ಪುಟ ಕೂಡಿಸಿ 1.6 ಮಾಡಿ, ಅದಕ್ಕೆ ಹತ್ತಿರದ 2ಕ್ಕೆ ಹೋಗುತ್ತದೆ. ಬಲಕ್ಕೆ ಚಿಮ್ಮಿದರೆ ಅರ್ಧ ಕಳೆಯುತ್ತದೆ. ಸರಿಸುವವರ ಮನಸ್ಸು ಯಾವ ಕಡೆಗಿದೆ ಎಂದು ಅರಿಯಲು ಬರೀ ಅರ್ಧ ಪುಟ ಸಾಕು! ಇದು ಹೊಳೆದವರಿಗೆ ಕೈಮುಗಿಯಬೇಕು ಅನಿಸಿತು.

ಈಗ ಅದೇ ಸಂಖ್ಯೆಗೆ ಹಿನ್ನೆಲೆಯ ಬಣ್ಣವನ್ನೂ ಕಟ್ಟುತ್ತಿದ್ದೇನೆ. ಕೊಕ್ಕರೆಗೆ ತಿಳಿಗುಲಾಬಿ, ಮುಂದಿನ ಪುಟಕ್ಕೆ ನೀರಿನ ಹಸಿರು. ಒಂದೂಕಾಲನೇ ಪುಟದ ಬಣ್ಣ ಯಾವುದಿರಬಹುದು, ಇವತ್ತೇ ನೋಡಬೇಕು!