ಟಿಪ್ಸ್ ಯಾಕೆ ಕೊಡಲ್ಲ? ಚಿಲ್ಲರೆ ಇಲ್ಲ, ಅದಕ್ಕೆ!

ಹಾಸನದಿಂದ ಮಾತಾಡ್ತಿದ್ದೀನಿ. ಇವತ್ತಿನ ಪ್ರಶ್ನೆ ಚಿಕ್ಕದು: ಹೋಟೆಲ್‌ನಲ್ಲಿ ತಿಂದು ಎದ್ದು ಬರುವಾಗ ನಮ್ಮಲ್ಲಿ ತುಂಬಾ ಜನ ಟಿಪ್ಸ್ ಯಾಕೆ ಕೊಡಲ್ಲ?

ಬಿಕಾಂ ಓದುವಾಗ ಆರು ತಿಂಗಳು ನಾನೇ ಇಲ್ಲಿನ ಒಂದು ಹೋಟೆಲ್‌ನಲ್ಲಿ ಸಂಜೆ ಹೊತ್ತು ಸಪ್ಲೈಯರ್ ಆಗಿದ್ದೆ. 85 ರೂಪಾಯಿ ಬಿಲ್‌ಗೆ ಗಿರಾಕಿ 100 ಕೊಡೋರು. ಸೋಂಪಿನ ಜೊತೆ 15 ರೂಪಾಯಿ ತಟ್ಟೆಯಲ್ಲಿ ತಂದಿಟ್ರೆ, ಹತ್ತರ ನೋಟು ಅವರ ಜೇಬಿಗೆ, ಐದರ ನಾಣ್ಯ ನನಗೆ. ನನ್ನ ಬಸ್ ಚಾರ್ಜು ಹುಟ್ಟುತ್ತಿದ್ದದ್ದೇ ಆ ತಟ್ಟೆಯಲ್ಲಿ. ಅಂಥ ನಾನೇ ಹೋದ ವಾರ ದೋಸೆ ತಿಂದು, ಸ್ಕ್ಯಾನ್ ಮಾಡಿ, ಸುಮ್ಮನೆ ಎದ್ದು ಬಂದೆ. ಬೈಕ್ ಹತ್ತಿದ ಮೇಲೆ ನೆನಪಾಯ್ತು.

ಮೊದಲ ಕಾರಣ ಇಲ್ಲೇ ಇದೆ. ನಮ್ಮೂರಲ್ಲಿ ಟಿಪ್ಸ್ ಅಂದ್ರೆ ಉಳಿದ ಚಿಲ್ಲರೆ. 2016ರಲ್ಲಿ ಯುಪಿಐ ಬಂತು, ಆಮೇಲೆ ಚಿಲ್ಲರೆ ಉಳಿಯೋದೇ ನಿಂತುಹೋಯ್ತು. 85 ಅಂದ್ರೆ 85. ಹತ್ತು ಜಾಸ್ತಿ ಹಾಕಿದ್ರೂ ಅದು ಕ್ಯೂಆರ್ ಯಾರದ್ದೋ ಅವರ ಖಾತೆಗೆ, ಅಂದ್ರೆ ಸಾಮಾನ್ಯವಾಗಿ ಮಾಲೀಕರಿಗೆ ಹೋಗುತ್ತೆ.

ಎರಡನೇದು, ಬಿಲ್‌ನ ಗೊಂದಲ. "ಬಿಲ್‌ನಲ್ಲೇ ಹಾಕಿದಾರಲ್ಲ" ಅಂತೀವಿ. ಹಾಕಿರೋದು 5% ಜಿಎಸ್‌ಟಿ, ಅದು ಸರ್ಕಾರಕ್ಕೆ ಹೋಗೋ ದುಡ್ಡು. ಸರ್ವೀಸ್ ಚಾರ್ಜ್ ಬೇರೆ. ಅದನ್ನ ತಾನಾಗೇ ಬಿಲ್‌ಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನ ಎತ್ತಿಹಿಡಿಯಿತು.

ಮೂರನೇದು, ಊರು. ಹೊಳೆನರಸೀಪುರ, ಅರಕಲಗೂಡಿನಂಥ ಕಡೆ ಸಪ್ಲೈಯರ್ ನಮ್ಮ ಪಕ್ಕದ ಬೀದಿಯವನೇ ಆಗಿರ್ತಾನೆ. "ಏನಣ್ಣ, ಇನ್ನೊಂದು ಸಲ ಸಾಂಬಾರ್ ಹಾಕ್ಲಾ?" ಅನ್ನೋನ ಕೈಗೆ ಹತ್ತು ರೂಪಾಯಿ ಇಡೋಕೆ ಸಂಕೋಚ, ಎಲ್ಲಿ ಬೇಜಾರಾಗ್ತಾನೋ ಅಂತ. ಚನ್ನರಾಯಪಟ್ಟಣದ ಹೈವೇ ಹೋಟೆಲ್‌ಗಳಲ್ಲಿ ಇದರ ಉಲ್ಟಾ. ಬೆಂಗಳೂರು–ಮಂಗಳೂರು ದಾರೀಲಿ ಹೋಗೋರಿಗೆ ಮತ್ತೆ ಅದೇ ಮುಖ ಸಿಗೋ ಗ್ಯಾರಂಟಿ ಇಲ್ಲ, ಬಸ್ ಬೇರೆ ಹಾರ್ನ್ ಹೊಡೀತಿರುತ್ತೆ. ಒಂದು ಕಡೆ ಪರಿಚಯ ಜಾಸ್ತಿ, ಇನ್ನೊಂದು ಕಡೆ ಪರಿಚಯವೇ ಇಲ್ಲ. ಎರಡು ಕಡೆನೂ ತಟ್ಟೆ ಖಾಲಿ.

ಇನ್ನು ಸೆಲ್ಫ್ ಸರ್ವೀಸ್‌ನಲ್ಲಿ ಟೋಕನ್ ಕೊಟ್ಟು ನಾವೇ ತಗೊಂಡು ಬರ್ತೀವಿ, ಯಾರಿಗೆ ಕೊಡೋದು ಅಂತೀವಿ. ಟೇಬಲ್ ಒರೆಸೋ ಅಕ್ಕ ಕಣ್ಣಿಗೇ ಬೀಳಲ್ಲ.

ಹಾಗಾಗಿ ಕೊಡದವರೆಲ್ಲ ಜಿಪುಣರಲ್ಲ. ಕೊಡಲೇಬೇಕು ಅಂತಲೂ ಇಲ್ಲ. ಸರಿಯಾದ ಸಂಬಳ ಕೊಡೋದು ಮಾಲೀಕರ ಜವಾಬ್ದಾರಿ, ಟಿಪ್ಸ್ ಅದಕ್ಕೆ ಬದಲಿ ಅಲ್ಲ. ಆದ್ರೆ ಕೊಡೋ ಮನಸ್ಸಿದ್ದೂ ಮರೆತು ಬರೋದಿದೆಯಲ್ಲ, ಅದಕ್ಕೆ ಮದ್ದಿದೆ. ಫೋನ್ ಕವರ್ ಹಿಂದೆ ಹತ್ತರ ಎರಡು ನೋಟು ಇಟ್ಕೊಳ್ಳಿ. ಸ್ಕ್ಯಾನ್ ಮಾಡೋಕೆ ಫೋನ್ ತೆಗೆದಾಗ ಅದೇ ನೆನಪಿಸುತ್ತೆ. ಕೈಗೇ ಕೊಡಿ.

ನಾನೂ ಇಟ್ಕೊಂಡಿದ್ದೀನಿ. ಹೋದ ವಾರದ ಬಾಕಿ ಇದೆ, ನಾಳೆ ಬೆಳಿಗ್ಗೆ ತಿಂಡಿಗೆ ಅಲ್ಲಿಗೇ ಹೋಗ್ತೀನಿ.