ಎಲಾಒಲೊಗೊಸ್: ಆಲಿವ್ ಆಯುವವನನ್ನು ಕುರಿತ ಒಂದು ಗ್ರೀಕ್ ಪದ

ಪ್ರಾಚೀನ ಗ್ರೀಕ್ ಭಾಷೆಯಲ್ಲಿ ಆಲಿವ್ ಕಾಯಿಗಳನ್ನು ಆಯುವವನಿಗೆ ‘ಎಲಾಒಲೊಗೊಸ್’ ಎಂದು ಹೆಸರು. ಇದರ ಪೂರ್ವಪದ ‘ಎಲಾಆ’ ಆಲಿವ್ ಮರಕ್ಕೂ ಕಾಯಿಗೂ ಸಲ್ಲುವ ಅಥೆನ್ಸ್ ಸೀಮೆಯ ರೂಪ. ಅನ್ಯತ್ರ ಅದು ‘ಎಲೈಆ’. ಉತ್ತರಪದದಲ್ಲಿರುವುದು ‘ಲೆಗೆಯ್ನ್’ ಎಂಬ ಕ್ರಿಯಾಪದ. ಮಾತು, ತರ್ಕ ಎಂಬರ್ಥದ ‘ಲೊಗೊಸ್’ ಹುಟ್ಟಿದ್ದು ಇದರಿಂದಲೇ. ಆದರೆ ಅದರ ಹಳೆಯ ಅರ್ಥ ಆಯುವುದು, ಕೂಡಿಸುವುದು. ಎಣಿಸುವುದು, ಹೇಳುವುದು ಎಂಬವು ಅನಂತರದವು. ಕನ್ನಡದ ‘ಎಣಿಸು’ ಲೆಕ್ಕದಿಂದ ಆಲೋಚನೆಗೆ ಸರಿದುದನ್ನು ಇಲ್ಲಿ ನೆನೆಯಬಹುದು. ಕಾಳು ಹೆಕ್ಕುವ ಹಕ್ಕಿಗೆ ಸಂದ ‘ಸ್ಪೆರ್ಮೊಲೊಗೊಸ್’, ಕಲ್ಲುಗಳನ್ನು ಆಯ್ದು ಕಟ್ಟುವವನಿಗೆ ಸಂದ ‘ಲಿಥೊಲೊಗೊಸ್’, ಹೂಗಳ ಆಯ್ಕೆಯಾದ ‘ಆಂಥೊಲೊಗಿಆ’ ಇವೆಲ್ಲ ಆ ಹಳೆಯ ಅರ್ಥವನ್ನೇ ಉಳಿಸಿಕೊಂಡಿವೆ.

ವ್ಯುತ್ಪತ್ತಿ ಇಷ್ಟು ಸರಳವಾದರೂ ಪದದ ನಿಜವಾದ ತೂಕ ತಿಳಿಯುವುದು ಪ್ರಯೋಗದಿಂದ. ಕ್ರಿ.ಪೂ. 422ರಲ್ಲಿ ಪ್ರದರ್ಶಿತವಾದ ಅರಿಸ್ಟೊಫನೀಸನ ‘ಕಣಜಗಳು’ ಪ್ರಹಸನದಲ್ಲಿ, ನ್ಯಾಯಾಲಯದ ಹುಚ್ಚು ಹಿಡಿದ ತಂದೆಗೆ ಮಗನು ಲೆಕ್ಕ ಒಪ್ಪಿಸುತ್ತಾನೆ. ರಾಜ್ಯದ ಆದಾಯ ಸುಮಾರು 2000 ಟ್ಯಾಲೆಂಟ್. 6000 ಮಂದಿ ನ್ಯಾಯದರ್ಶಿಗಳಿಗೆ ಸಲ್ಲುವುದು 150 ಮಾತ್ರ. ಕಪ್ಪ ಕೊಡುವ ಸಾವಿರ ಪಟ್ಟಣಗಳು ತಲಾ 20 ಜನರನ್ನು ಪೋಷಿಸಿದರೆ 20,000 ಪ್ರಜೆಗಳು ಸುಖವಾಗಿ ಬಾಳಬಹುದು. (ಪ್ರಹಸನದ ಗಣಿತವನ್ನು ಅಕ್ಷರಶಃ ನಂಬಬೇಕಾಗಿಲ್ಲ.) ಆದರೂ ಈ ನ್ಯಾಯದರ್ಶಿಗಳು, ಎಲಾಒಲೊಗೊಸರಂತೆ, ಕೂಲಿಯ ಹಣ ಹಿಡಿದವನ ಬೆನ್ನು ಹತ್ತಿ ಹೋಗುತ್ತಾರೆಂಬುದು ಅವನ ಮೂದಲೆ. ದಿನಕ್ಕೆ ಮೂರು ಒಬೋಲ್, ಅಂದರೆ ಅರ್ಧ ದ್ರಾಖ್ಮೆ, ಪಡೆಯುವ ಸ್ವತಂತ್ರ ಪೌರರಿಗೆ ಇದಕ್ಕಿಂತ ಚುಚ್ಚುವ ಹೋಲಿಕೆ ಬೇಕಿರಲಿಲ್ಲ. ಅನುವಾದದಲ್ಲಿ ಬರಿದೆ ‘ಆಲಿವ್ ಕೀಳುವವರು’ ಎಂದರೆ ಈ ಮೊನೆ ಮುರಿಯುತ್ತದೆ. ‘ಸುಗ್ಗಿಯ ಕೂಲಿಯಾಳುಗಳು’ ಎಂಬ ಧ್ವನಿ ಅಲ್ಲಿ ಇರಲೇಬೇಕು.

ಹೋಲಿಕೆ ಪ್ರೇಕ್ಷಕರಿಗೆ ಕೂಡಲೇ ಹೊಳೆಯಬೇಕಾದರೆ ಅಂಥ ಗುಂಪುಗಳು ಅವರ ಕಣ್ಣಿಗೆ ಪರಿಚಿತವಾಗಿದ್ದಿರಬೇಕು. ಬೆಳೆಯ ಸ್ವಭಾವವೂ ಇದಕ್ಕೆ ಪೂರಕವಾಗಿದೆ. ಆಲಿವ್ ಒಂದು ವರ್ಷ ಹೇರಳವಾಗಿ ಫಲಿಸಿ ಮರುವರ್ಷ ಸೊರಗುವ ಮರ; ಕೊಯ್ಲು ಶರದೃತುವಿನ ಕೊನೆಯಿಂದ ಚಳಿಗಾಲದವರೆಗೆ. ಕೆಲವೇ ವಾರ ಬೇಕಾಗುವ ಆಳುಗಳನ್ನು ವರ್ಷವಿಡೀ ಸಾಕುವುದು ಒಡೆಯನಿಗೆ ಲಾಭಕರವಲ್ಲ.

ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಕ್ರಿ.ಪೂ. ಸುಮಾರು 520ರ ಒಂದು ಕಪ್ಪುಚಿತ್ರದ ಹೂಜಿಯಲ್ಲಿ ಈ ಕೆಲಸದ ದೃಶ್ಯವಿದೆ. ಗಡ್ಡಧಾರಿಗಳಿಬ್ಬರು ಉದ್ದನೆಯ ಕೋಲುಗಳಿಂದ ಕೊಂಬೆಗಳನ್ನು ಬಡಿಯುತ್ತಾರೆ. ಒಬ್ಬ ತರುಣ ಮರದ ಮೇಲೆ ಕುಳಿತು ಬಡಿಯುತ್ತಾನೆ. ಇನ್ನೊಬ್ಬ ನೆಲದಲ್ಲಿ ಬಗ್ಗಿ ಉದುರಿದ ಕಾಯಿಗಳನ್ನು ಬುಟ್ಟಿಗೆ ತುಂಬುತ್ತಾನೆ. ಪದದ ಅಕ್ಷರಾರ್ಥಕ್ಕೆ ತಕ್ಕವನು ಈ ಕೊನೆಯವನೇ. ಅವನು ಆ ಮನೆಯ ಮಗನೋ, ದಾಸನೋ, ಕೂಲಿಯವನೋ ಎಂಬುದನ್ನು ಚಿತ್ರ ಹೇಳುವುದಿಲ್ಲ. ಕೂಲಿಯ ಮಾತು ಬರುವುದು ಪ್ರಹಸನದ ಆ ಒಂದು ಸಾಲಿನಲ್ಲಿ.