ಹಳೆಯ ಸೀರೆಯೊಳಗಿನ ಗಾಳಿ

ನಮ್ಮ ಓಣಿಗೆ ತಿಂಗಳಿಗೊಮ್ಮೆ ಬೋಗಾಣಿ ಮಾರುವವಳು ಬರುತ್ತಿದ್ದಳು. ತಲೆಯ ಮೇಲಿನ ಬುಟ್ಟಿಯಲ್ಲಿ ಹೊಳೆಯುವ ಸ್ಟೀಲು ಪಾತ್ರೆ, ಹೆಗಲಿನಲ್ಲಿ ಹಳೆಯ ಬಟ್ಟೆಯ ಗಂಟು. ಹಣದ ಮಾತೇ ಇಲ್ಲ. ಹಳೆಯ ಬಟ್ಟೆ ಕೊಟ್ಟು ಪಾತ್ರೆ ಪಡೆಯಬೇಕು. ಅವ್ವ ಗಟ್ಟಿಮುಟ್ಟಾಗಿದ್ದ ಅಪ್ಪನ ಟೆರಿಲಿನ್ ಪ್ಯಾಂಟುಗಳನ್ನು ಕೊಡುತ್ತಿದ್ದಳು, ಒಂದು ಎಳೆಯೂ ಹರಿಯದ ನೈಲಾನ್ ಸೀರೆಯನ್ನು ಕೊಡುತ್ತಿದ್ದಳು. ಆದರೆ ಅಂಚು ಸವೆದು, ನಡುವೆ ಜಾಳಾಗಿ, ಬೆಳಕಿಗೆ ಹಿಡಿದರೆ ಆಚೆಯ ಗೋಡೆ ಕಾಣುವಂತಿದ್ದ ಹತ್ತಿಯ ಸೀರೆಗೆ ಅವಳು ಕೈ ಹಾಕಿದರೆ ಮಾತ್ರ, “ಅದನ್ನ ಮುಟ್ಟಬ್ಯಾಡವಾ, ಅದು ಕೌದಿಗೆ ಬೇಕು” ಎಂದು ಎಳೆದು ಒಳಗಿಡುತ್ತಿದ್ದಳು.

ಗಟ್ಟಿಯಾದುದನ್ನು ಕೊಟ್ಟು ಹರಿದದ್ದನ್ನು ಇಟ್ಟುಕೊಳ್ಳುವ ಈ ಲೆಕ್ಕ ನನಗೆ ಹುಡುಗತನದಲ್ಲಿ ತಿಳಿಯಲಿಲ್ಲ. ಅದರ ಹಿಂದೆ ಒಂದು ಪಾಠದಷ್ಟು ಭೌತಶಾಸ್ತ್ರವಿದೆ ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ಕೌದಿ ಎಂದರೇನೆಂದು ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಉಟ್ಟು ಸವೆದ ನಾಲ್ಕೈದು ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ನಡುನಡುವೆ ತುಂಡು ಅರಿವೆಗಳನ್ನು ತುಂಬಿ, ಮೇಲೆ ಬಣ್ಣಬಣ್ಣದ ತೇಪೆಗಳನ್ನು ಇಟ್ಟು, ಒಂದು ಬೆರಳಿಗೊಂದು ಸಾಲಿನಂತೆ ಕೈಯಿಂದ ಹೊಲಿದರೆ ಕೌದಿ. ಹಾಸಲೂ ಆಗುತ್ತದೆ, ಹೊದೆಯಲೂ ಆಗುತ್ತದೆ. ಗುಳೇದಗುಡ್ಡದ ಖಣದ ತುಂಡು ಮೂಲೆಗೆ ಸಿಕ್ಕರೆ ಅದೇ ಅಲಂಕಾರ. ಊರೂರು ತಿರುಗುವ ಗೊಂದಲಿಗ, ಬುಡಬುಡಿಕೆ ಸಮುದಾಯಗಳ ಹೆಂಗಸರು ಇದನ್ನು ಕಸುಬಾಗಿ ಹೊಲಿದುಕೊಟ್ಟದ್ದುಂಟು. ಆದರೆ ಹೆಚ್ಚಿನ ಕೌದಿಗಳು ಸುಗ್ಗಿ ಮುಗಿದು ಮಳೆ ಹಿಡಿಯುವ ಮುನ್ನ, ಮಧ್ಯಾಹ್ನದ ಬಿಡುವಿನಲ್ಲಿ, ಮನೆಯ ಪಡಸಾಲೆಯಲ್ಲಿಯೇ ಹುಟ್ಟಿದವು.

ಇದು ಒಬ್ಬರ ಕೆಲಸವಲ್ಲ. ಪದರಗಳು ಜಾರದಂತೆ ಎದುರುಬದುರು ಇಬ್ಬರು ಕೂರಬೇಕು. ನಮ್ಮ ಮನೆಯಲ್ಲಿ ಅವ್ವನ ಎದುರು ಕೂರುತ್ತಿದ್ದವಳು ಹಿತ್ತಲಿನಾಚೆಯ ಮನೆಯ ಕಾಕು. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಆ ಓಣಿಗೆ ಬಂದವರು. ಜಾತಿ ಬೇರೆ. ಒಬ್ಬರ ಅಡುಗೆಮನೆಗೆ ಇನ್ನೊಬ್ಬರು ಕಾಲಿಡದ ಕಾಲ ಅದು. ಆದರೆ ಅವಳು ಉಟ್ಟು ಬಿಟ್ಟ ಸೀರೆ ನಮ್ಮ ಕೌದಿಯ ಹೊಟ್ಟೆಯೊಳಗೆ, ಅವ್ವನ ಸೀರೆ ಅವರ ಕೌದಿಯೊಳಗೆ ಹೋಗುವುದಕ್ಕೆ ಯಾರ ತಕರಾರೂ ಇರಲಿಲ್ಲ. ಹಿರಿಯರಿಗೆ ಇದು ಹೊಳೆದಿರಲಿಲ್ಲವೋ, ಹೊಳೆದೂ ಸುಮ್ಮನಿದ್ದರೋ ಹೇಳಲಾರೆ. ಕಾಕುವಿನ ಹೊಲಿಗೆ ಅಕ್ಷರದಷ್ಟೇ ಗುರುತಿನದು: ಸಣ್ಣದು, ತುಸು ಎಡಕ್ಕೆ ವಾಲಿದ್ದು. ಅವ್ವನದು ಉದ್ದ, ಅವಸರದ್ದು. ಅವ್ವ ದಾರ ಬಿಗಿದಾಗಲೆಲ್ಲ ಕಾಕು ಹೇಳುತ್ತಿದ್ದಳು: “ಅಷ್ಟ್ಯಾಕ ಜಗ್ಗತೀಯವಾ, ಕೌದಿಗೆ ಉಸರಾಡಾಕ ಜಾಗಾ ಬೇಕು.”

ಕೌದಿ ಉಸಿರಾಡುತ್ತದೆಯೇ ಎಂದು ನಾವು ಮಕ್ಕಳು ನಗುತ್ತಿದ್ದೆವು. ಈಗ ಆ ಮಾತನ್ನು ಪರೀಕ್ಷೆಗೆ ಒಡ್ಡೋಣ.

ಹೊದಿಕೆ ಬೆಚ್ಚಗೆ ಮಾಡುತ್ತದೆ ಎನ್ನುತ್ತೇವೆ. ನಿಜದಲ್ಲಿ ಅದು ಏನನ್ನೂ ಬಿಸಿ ಮಾಡುವುದಿಲ್ಲ. ಅನುಮಾನವಿದ್ದರೆ ಒಂದು ಐಸ್ ತುಂಡನ್ನು ಬಟ್ಟಲಲ್ಲಿಟ್ಟು ದಪ್ಪ ಕೌದಿಯಲ್ಲಿ ಸುತ್ತಿಡಿ; ಇನ್ನೊಂದನ್ನು ಹಾಗೆಯೇ ಬಟ್ಟಲಲ್ಲಿ ಬಿಡಿ. ಕೌದಿಯೊಳಗಿನದೇ ತಡವಾಗಿ ಕರಗುತ್ತದೆ. ಐಸ್ ಮಾರುವವರು ಗೋಣಿತಾಟು, ಕಟ್ಟಿಗೆಯ ಹೊಟ್ಟು ಬಳಸುವುದು ಇದೇ ಕಾರಣಕ್ಕೆ. ಬಿಸಿ ಹುಟ್ಟುವುದು ನಮ್ಮ ಮೈಯಲ್ಲಿ. ನಿದ್ರೆಯಲ್ಲಿರುವ ಮನುಷ್ಯ ಸುಮಾರು 70 ವ್ಯಾಟ್ ಶಾಖ ಹೊರಹಾಕುತ್ತಾನೆ. ಹಳೆಯ ಕಾಲದ ಬುರುಡೆ ಬಲ್ಬು ಒಂದು ಉರಿದಷ್ಟು. ಆ ಶಾಖ ಓಡಿಹೋಗದಂತೆ ತಡೆಯುವುದಷ್ಟೇ ಹೊದಿಕೆಯ ಕೆಲಸ.

ತಡೆಯುವುದು ಯಾವುದು? ಬಟ್ಟೆಯಲ್ಲ, ಗಾಳಿ. ಅಲುಗಾಡದೆ ನಿಂತ ಗಾಳಿಯ ಮೂಲಕ ಶಾಖ ಬಹಳ ನಿಧಾನವಾಗಿ ಸಾಗುತ್ತದೆ. ನೀರು ಅದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ವೇಗವಾಗಿ ಶಾಖ ದಾಟಿಸುತ್ತದೆ. ಒದ್ದೆ ಹೊದಿಕೆ ಯಾಕೆ ನಿಷ್ಪ್ರಯೋಜಕ ಎಂಬುದಕ್ಕೆ ಅದೇ ಉತ್ತರ. ಆದರೆ ಗಾಳಿ ನಿಂತಲ್ಲಿ ನಿಲ್ಲುವ ಪ್ರಾಣಿಯಲ್ಲ. ಬಿಸಿಯಾದೊಡನೆ ಮೇಲೇಳುತ್ತದೆ, ತಣ್ಣನೆಯದು ಆ ಜಾಗಕ್ಕೆ ನುಗ್ಗುತ್ತದೆ. ಅದನ್ನು ಕಟ್ಟಿಹಾಕಬೇಕಾದರೆ ಸಣ್ಣ ಸಣ್ಣ ಕೋಣೆಗಳಲ್ಲಿ ಕೂಡಿಹಾಕಬೇಕು. ಒಂದು ದಪ್ಪ ಚಾದರಕ್ಕಿಂತ ಎರಡು ತೆಳು ಚಾದರ ಬೆಚ್ಚಗೆನಿಸುವುದು ಅವುಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದ. ಐದಾರು ಪದರಗಳ ಕೌದಿ ಅಂಥ ಗಾಳಿಯ ಗೋದಾಮು. ಕೈಹೊಲಿಗೆ ಪದರಗಳನ್ನು ಜಾರದಂತೆ ಹಿಡಿಯುತ್ತದೆ. ಸಾಲುಗಳ ನಡುವೆ ಉಬ್ಬಿದ ಸಣ್ಣ ದಿಬ್ಬಗಳಲ್ಲಿ ಗಾಳಿ ಉಳಿಯುತ್ತದೆ. ದಾರವನ್ನು ಬಿಗಿದೆಳೆದರೆ ದಿಬ್ಬ ಚಪ್ಪಟೆಯಾಗಿ, ಹೊಲಿಗೆಯ ಗುಂಟ ಶಾಖ ಸೋರುತ್ತದೆ. ಮಲಗುಚೀಲ ತಯಾರಿಸುವವರಿಗೂ ಗೊತ್ತಿರುವ ತೊಂದರೆ ಇದು. ಕಾಕು ಹೇಳಿದ್ದು ಸರಿಯಾಗಿಯೇ ಇತ್ತು.

ಗಾಳಿಯೇ ಮುಖ್ಯವಾದರೆ ಟೆರಿಲಿನ್ ಏಕೆ ಬೇಡ? ಇಲ್ಲಿ ಎಳೆಯೊಳಗೆ ಇಣುಕಬೇಕು. ಹತ್ತಿಯ ಎಳೆ ಬೀಜದ ಸಿಪ್ಪೆಯ ಮೇಲೆ ಬೆಳೆಯುವ ಒಂದೇ ಒಂದು ಜೀವಕೋಶ. ಕಾಯಿ ಒಡೆಯುವವರೆಗೆ ಅದು ರಸ ತುಂಬಿದ ಕೊಳವೆ. ಕಾಯಿ ಬಿರಿದು ಬಿಸಿಲು ಬಿದ್ದೊಡನೆ ರಸ ಆರಿ, ಕೊಳವೆ ಕುಸಿದು, ತಿರುಚಿದ ಪಟ್ಟಿಯಂತಾಗುತ್ತದೆ. ತಿರುಚಿದ ಎಳೆಗಳು ಎಂದೂ ಒಂದಕ್ಕೊಂದು ಒತ್ತಾಗಿ ಕೂರುವುದಿಲ್ಲ. ಸಂದುಗೊಂದುಗಳಲ್ಲಿ ಗಾಳಿ ಕೂರುತ್ತದೆ. 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದ ಟೆರಿಲಿನ್, ಅಂದರೆ ಪಾಲಿಯೆಸ್ಟರ್, ಕರಗಿಸಿ ಸಣ್ಣ ತೂತುಗಳಿಂದ ಹಿಂಡಿ ತೆಗೆದ ನುಣುಪು ಕಡ್ಡಿ. ಅದನ್ನು ಬೇಕೆಂದೇ ಗುಂಗುರು ಮಾಡಿದರೆ ಗಾಳಿ ಹಿಡಿಯುತ್ತದೆ, ಕಾರ್ಖಾನೆಯ ರಜಾಯಿಗಳಲ್ಲಿ ತುಂಬುವುದು ಅದನ್ನೇ. ಆದರೆ ನುಣುಪಾಗಿ ನೇಯ್ದ ಸೀರೆಯಲ್ಲಿ ಆ ಗುಣವಿಲ್ಲ. ಇನ್ನೂ ದೊಡ್ಡ ವ್ಯತ್ಯಾಸ ತೇವದ್ದು. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ತೇವವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಬೆವರದಿದ್ದರೂ ನಮ್ಮ ಚರ್ಮದಿಂದ ರಾತ್ರಿಯೆಲ್ಲ ಆವಿ ಹೊರಡುತ್ತಲೇ ಇರುತ್ತದೆ. ಹತ್ತಿ ಅದನ್ನು ನುಂಗಿ ಸುಮ್ಮನಿರುತ್ತದೆ. ಪಾಲಿಯೆಸ್ಟರ್ ಸೀರೆಯ ಕೌದಿಯಲ್ಲಿ ಮೈ ಅಂಟಂಟಾಗಿ ನಡುರಾತ್ರಿ ಎಚ್ಚರವಾಗುತ್ತದೆ.

ಸರಿ, ಹತ್ತಿಯೇ ಬೇಕು. ಆದರೆ ಹಳೆಯದೇ ಏಕೆ? ಬಡತನ ಒಂದು ಕಾರಣ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹೊಸ ಸೀರೆ ಕೊಳ್ಳುವ ಶಕ್ತಿ ಇದ್ದ ಮನೆಗಳಲ್ಲೂ ಕೌದಿಗೆ ಹಳೆಯದನ್ನೇ ಹಾಕುತ್ತಿದ್ದರು. ಮಗ್ಗದಲ್ಲಿ ಎಳೆ ಹರಿಯದಿರಲೆಂದು ಹಾಸುನೂಲಿಗೆ ಗಂಜಿ ಹಾಕುತ್ತಾರೆ. ಹೊಸ ಬಟ್ಟೆಯ ಬಿರುಸು ಬಹುಪಾಲು ಅದರದ್ದು. ನೂರಾರು ಸಲ ನೀರಲ್ಲಿ ನೆಂದು, ಕಲ್ಲಿಗೆ ಬಡಿಸಿಕೊಂಡು, ಗಂಜಿ ತೊಲಗಿ, ನೂಲಿನ ಬಿಗಿ ಸಡಿಲಾಗಿ, ಎಳೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳು ಎದ್ದಾಗ ಬರುವುದು ಆ ಮೃದುತನ. ಅಂಗಡಿಯಲ್ಲಿ ಅದನ್ನು ಅಳೆದು ಕೊಡುವುದಿಲ್ಲ; ಯಾರಾದರೂ ಹತ್ತು ವರ್ಷ ಉಟ್ಟು ಒಗೆದೇ ತಯಾರು ಮಾಡಬೇಕು. ಕೂಸಿನ ತೊಟ್ಟಿಲಿಗೆ ಅಜ್ಜಿಯ ಸೀರೆ ಹುಡುಕುವುದು ಸುಮ್ಮನೆ ಅಲ್ಲ.

ಒಗೆದು ತಂತಿಗೆ ಹಾಕಿದ ಹತ್ತಿಯ ಟವೆಲು ಒಣಗಿದ ಮೇಲೆ ರಟ್ಟಿನಂತೆ ಸೆಟೆಯುತ್ತದೆ, ಕೈಯಲ್ಲಿ ಉಜ್ಜಿದರೆ ಮೆತ್ತಗಾಗುತ್ತದೆ. ಇದನ್ನು ನಾವೆಲ್ಲ ಕಂಡಿದ್ದೇವೆ, ಕಾರಣ ಕೇಳಿದವರು ಕಡಿಮೆ. ಜಪಾನಿನ ಕಾವೊ ಕಂಪೆನಿ ಮತ್ತು ಹೊಕ್ಕೈಡೊ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಒಣಗಿತೆಂದು ನಾವು ಭಾವಿಸುವ ಹತ್ತಿಯ ಎಳೆಗಳ ಮೈಮೇಲೆ ಸ್ವಲ್ಪ ನೀರು ಅಂಟಿಕೊಂಡೇ ಇರುತ್ತದೆ. ಅದರ ವರ್ತನೆ ಸಾಧಾರಣ ನೀರಿನಂತಲ್ಲ, ಎಳೆಗಳ ನಡುವೆ ಅಂಟಿನಂತೆ ಕೆಲಸ ಮಾಡುತ್ತದೆ. ಉಜ್ಜಿದಾಗ, ಕೊಡವಿದಾಗ ಆ ಬೆಸುಗೆ ಬಿಡುತ್ತದೆ. ಒಣಗಿದ ಕೌದಿಯನ್ನು ಕಟ್ಟೆಯ ಮೇಲೆ ಹಾಕಿ ಕೋಲಿನಿಂದ ಬಡಿಯುತ್ತಿದ್ದವರು ಬರೀ ಧೂಳನ್ನಷ್ಟೇ ಓಡಿಸುತ್ತಿರಲಿಲ್ಲ. ಬಿಸಿಲಿಗೆ ಹಾಕಿದ ಅರಿವೆಯ ಆ ವಿಶೇಷ ವಾಸನೆಯ ಬಗ್ಗೆಯೂ ಅದೇ ವರ್ಷ ಡೆನ್ಮಾರ್ಕಿನಿಂದ ಒಂದು ಸಂಶೋಧನೆ ಪ್ರಕಟವಾಯಿತು. ಒಂದೇ ಬಗೆಯ ಟವೆಲುಗಳನ್ನು ಮನೆಯೊಳಗೆ, ನೆರಳಲ್ಲಿ, ಬಿಸಿಲಲ್ಲಿ ಒಣಗಿಸಿ ನೋಡಿದರೆ, ಬಿಸಿಲಿನವುಗಳಲ್ಲಿ ಮಾತ್ರ ಹೂವು, ಹಣ್ಣು, ಅತ್ತರುಗಳಲ್ಲಿರುವಂಥ ಕೆಲವು ಆಲ್ಡಿಹೈಡ್, ಕೀಟೋನುಗಳು ಹುಟ್ಟಿದ್ದವು. ಎಳೆಬಿಸಿಲಿನ ಕೌದಿಗೆ ಮುಖ ಹುದುಗಿಸಿ ಮಲಗಿದ ಮಕ್ಕಳಿಗೆ ಈ ಹೆಸರುಗಳು ಬೇಕಿರಲಿಲ್ಲ ಎನ್ನಿ.

ತೇಪೆ ಹಚ್ಚುವ ವಿದ್ಯೆ ಈ ನೆಲದಲ್ಲಿ ಬಹಳ ಹಳೆಯದು. ಸಂಸ್ಕೃತದ ‘ಕಂಥಾ’ ಎಂದರೆ ಚಿಂದಿ ಕೂಡಿಸಿ ಹೊಲಿದ ಹೊದಿಕೆ. ಬಂಗಾಳದ ಕಾಂಥಾ ಆ ಹೆಸರನ್ನೇ ಉಳಿಸಿಕೊಂಡಿದೆ. ಅಲ್ಲಿ ಹೊಲಿಯುವ ದಾರವನ್ನೂ ಹಳೆಯ ಸೀರೆಯ ಅಂಚಿನಿಂದಲೇ ಎಳೆದು ತೆಗೆಯುತ್ತಿದ್ದರು. ನಮ್ಮಲ್ಲಿ ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯಲ್ಲಿ ಎರಡೂ ಪದಗಳು ಜೊತೆಯಾಗಿ ಕುಳಿತಿವೆ. ಹನ್ನೆರಡನೆಯ ಶತಮಾನದ ವಚನಕಾರ್ತಿ ಬೊಂತಾದೇವಿಗೆ ಆ ಹೆಸರು ಬಂದದ್ದು ಬೊಂತೆಯಿಂದ. ರಾಜಮನೆತನ ಬಿಟ್ಟು, ಬಟ್ಟೆಯನ್ನೂ ಬಿಟ್ಟು ಹೊರಟವಳಿಗೆ ಶಿವನೇ ಬೊಂತೆ ಹೊದಿಸಿದನೆಂಬ ಕಥೆಯಿದೆ. ಬೌದ್ಧರ ವಿನಯಪಿಟಕದಲ್ಲಿ ಇನ್ನೊಂದು ಸ್ವಾರಸ್ಯವಾದ ಪ್ರಸಂಗ ಬರುತ್ತದೆ. ಕೌಶಾಂಬಿಯ ಉದಯನ ರಾಜನ ರಾಣಿಯರು ಆನಂದನಿಗೆ ಐನೂರು ಚೀವರ ದಾನ ಮಾಡಿದರು. ರಾಜನಿಗೆ ಸಿಟ್ಟು: ಇಷ್ಟನ್ನು ಇಟ್ಟುಕೊಂಡು ಭಿಕ್ಷು ಏನು ಮಾಡುತ್ತಾನೆ, ಅಂಗಡಿ ತೆರೆಯುತ್ತಾನೆಯೇ? ಆನಂದ ಒಂದೊಂದಾಗಿ ವಿವರಿಸಿದ. ಚೀವರ ಹರಿದವರಿಗೆ ಹಂಚುತ್ತೇವೆ. ಆ ಹರಿದವು ಮೇಲುಹಾಸಾಗುತ್ತವೆ. ಹಳೆಯ ಮೇಲುಹಾಸು ಹಾಸಿಗೆಯ ಗವಸು. ಹಳೆಯ ಗವಸು ನೆಲಹಾಸು. ಅದು ಸವೆದರೆ ಕಾಲೊರಸು. ಆಮೇಲೆ ಧೂಳೊರಸುವ ಅರಿವೆ. ಅದೂ ಹರಿದರೆ ಕುಟ್ಟಿ ಮಣ್ಣಿನಲ್ಲಿ ಕಲಸಿ ಮೆತ್ತುತ್ತೇವೆ. ರಾಜ ಸಿಟ್ಟು ಬಿಟ್ಟು ಇನ್ನೂ ಐನೂರು ಬಟ್ಟೆ ಕೊಟ್ಟನಂತೆ.

ಬೇರೆ ಬೇರೆ ಜನ ಇದೇ ಕೆಲಸವನ್ನು ಬೇರೆ ಬೇರೆ ಕಡೆಯಿಂದ ಶುರು ಮಾಡಿದ್ದಾರೆ. ಜಪಾನಿನ ಈಶಾನ್ಯದ ಚಳಿನಾಡಿನಲ್ಲಿ ಹತ್ತಿ ಬೆಳೆಯುವುದಿಲ್ಲ. ಅಲ್ಲಿನ ರೈತರು ಹಳೆಯ ಹತ್ತಿಬಟ್ಟೆಯ ತುಂಡುಗಳನ್ನು ಕೊಂಡು ತಂದು ಪದರ ಹಾಕಿ ಹೊಲಿದ ‘ಬೊರೊ’ ಬಟ್ಟೆಗಳು ಇಂದು ವಸ್ತುಸಂಗ್ರಹಾಲಯ ಸೇರಿವೆ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಹೆಂಗಸರ ಕೌದಿಯದು ಬೇರೆಯೇ ಕ್ರಮ. ಅವರು ಅಂಚಿನ ಮೂಲೆಯಿಂದ ಶುರುಮಾಡಿ, ತೇಪೆ ಕೂಡಿಸುತ್ತ, ಸುತ್ತು ಸುತ್ತಾಗಿ ಒಳಗೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ತ್ರಿಕೋನದ ಹೂವು, ಅವರ ಮಾತಿನಲ್ಲಿ ‘ಫೂಲ’, ಇರಲೇಬೇಕು. ಇಲ್ಲದ ಕೌದಿ ಬತ್ತಲೆ ಎಂದು ಅವರ ಭಾವನೆ. ಆಫ್ರಿಕದಿಂದ ಬಂದವರ ಈ ಕಲೆಯನ್ನು ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಅಧ್ಯಯನ ಮಾಡಿದ ಮೇಲೆ ಅದು ಹೊರನಾಡಿನ ಪ್ರದರ್ಶನಗಳಿಗೂ ಹೋಯಿತು.

ಈಗ ಬೆಂಗಳೂರಿನ ತರುಣರಲ್ಲಿ ಯಾರೋ ಉಟ್ಟು ಬಿಟ್ಟ ಬಟ್ಟೆಯನ್ನು ಹುಡುಕಿ ಕೊಳ್ಳುವುದು, ತೇಪೆ ಹಾಕಿದ ಜಾಕೀಟು ತೊಡುವುದು ಫ್ಯಾಶನ್ನು. ಅವರನ್ನು ಗೇಲಿ ಮಾಡುವ ಮನಸ್ಸು ನನಗಿಲ್ಲ. ಆದರೆ ಎದುರು ಕುಳಿತು ದಾರ ಬಿಗಿಯಾಯಿತೆಂದು ಬೈಯುವವರನ್ನು ಆ ಅಂಗಡಿಗಳಲ್ಲಿ ಕೊಳ್ಳುವುದು ಕಷ್ಟ.

ಕಾಕು ಮಗನ ಜೊತೆ ಪುಣೆಗೆ ಹೋದಳು, ಕೆಲವು ವರ್ಷಗಳ ನಂತರ ತೀರಿಕೊಂಡ ಸುದ್ದಿ ಬಂತು. ಆಮೇಲೆ ಅವ್ವ ಹೊಸ ಕೌದಿಗೆ ಕೈ ಹಾಕಲಿಲ್ಲ. ಇದ್ದ ಕೌದಿಯ ಮೇಲುಹೊದಿಕೆ ಕಳೆದ ಮಳೆಗಾಲದಲ್ಲಿ ಪೂರ್ತಿ ಪಿಸಿಯಿತು. ಹಾಗಾದಾಗ ಕೌದಿಯನ್ನು ಎಸೆಯುವುದಿಲ್ಲ, ಮೇಲೊಂದು ಸೀರೆ ಹಾಕಿ ಮತ್ತೆ ಹೊಲಿಯುತ್ತಾರೆ. ಕಸುಬಿನವಳೊಬ್ಬಳನ್ನು ಹುಡುಕಿ ಕರೆತಂದೆ. ಆಕೆ ಮೂಲೆ ಬಿಚ್ಚಿ ಪದರಗಳನ್ನು ಎಣಿಸಿದಳು. ಮೂರನೆಯದು ಹಸಿರು ಚೌಕಡಿಯ ಸೀರೆ. ಅದು ಅವ್ವನದಲ್ಲ. ಅವ್ವ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಎಡಕ್ಕೆ ವಾಲಿದ ಹೊಲಿಗೆಯ ಮೇಲೆ ಬೆರಳಾಡಿಸಿದಳು. “ಅದನ್ನ ತೆಗೀಬ್ಯಾಡವಾ” ಎಂದಳು.

ಹೊಲಿಯುವವಳು ಕೇಳಿದ್ದು ಒಂದೇ: “ಮ್ಯಾಲ ಹಾಕಾಕ ಹತ್ತಿ ಸೀರಿ ಅದಾವೇನ್ರಿ?” ನಮ್ಮ ಮನೆಯ ಕಪಾಟಿನಲ್ಲಿ ಸೀರೆಗೆ ಬರವಿಲ್ಲ. ಆದರೆ ಹತ್ತಿ ಯಾವುದು, ಅಲ್ಲದ್ದು ಯಾವುದು ಎಂದು ನನಗಾಗಲಿ ಹೆಂಡತಿಗಾಗಲಿ ಮುಟ್ಟಿ ಹೇಳಲಾಗಲಿಲ್ಲ. ಒಂದೊಂದರ ಅಂಚಿನಿಂದ ಒಂದೊಂದು ಎಳೆ ಕಿತ್ತು ಕಡ್ಡಿ ಗೀರಿ ಸುಟ್ಟೆವು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ತಟ್ಟೆಯ ತುಂಬ ಮಣಿಗಳಾದವು. ಬೂದಿಯಾದವು ಎರಡೇ. ಅದರಲ್ಲಿ ಒಂದನ್ನು ಕೊಡಲು ಹೆಂಡತಿ ಒಪ್ಪಲಿಲ್ಲ, ಅದಿನ್ನೂ ಹೊಸದಂತೆ. ಇನ್ನೊಂದು ಈಗ ಕೌದಿಯ ಮೇಲಿದೆ. ತುಸು ಬಿರುಸಾಗಿದೆ, ಹತ್ತೆಂಟು ಸಲ ಒಗೆದ ಮೇಲೆ ಸರಿಹೋಗುತ್ತದೆ ಎನ್ನುತ್ತಾಳೆ ಅವ್ವ.